ಹಿಂದಿನ ಸೀಟಿನಿಂದ ಸ್ಟೇರಿಂಗಿಗೆ ಬಂದ ಕಾರು

ಬಾಗೇಪಲ್ಲಿ ಕಡೆಯ ಹೆದ್ದಾರಿ ಹೋಟೆಲಲ್ಲಿ ಕೂತು ಟೀ ಕುಡಿದವರು ಇದನ್ನು ನೋಡಿರುತ್ತೀರಿ. ಆಂಧ್ರದ ಕಡೆಯಿಂದ ಬೆಂಗಳೂರಿನತ್ತ ಉದ್ದುದ್ದ ಲಾರಿಗಳು ಬರುತ್ತವೆ, ಒಳಗೆ ಹೊಟ್ಟೆ ತುಂಬ ಹೊಸ ಕಾರುಗಳು. ಗಡಿಯಾಚೆ ಪೆನುಕೊಂಡದ ಹತ್ತಿರ ಕಿಯಾ ಫ್ಯಾಕ್ಟರಿ ಇದೆ. ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ಹೋಗಿ ನೆಲೆಸಿದ ಪೆನುಕೊಂಡವೇ ಅದು. 2019ರಲ್ಲಿ ಅಲ್ಲಿಂದ ಮೊದಲ ಸೆಲ್ಟೋಸ್ ಕಾರು ಹೊರಬಂತು.

ಸುದ್ದಿಗೆಂದು ಆ ಕಡೆ ಹೋದಾಗಲೆಲ್ಲ ನಾನು ನಿಲ್ಲಿಸುವ ಒಂದು ಟೀ ಅಂಗಡಿ ಇದೆ. ಒಂದು ದಿನ ಅಂಗಡಿಯವರು ಲಾರಿ ನೋಡುತ್ತಾ ಕೇಳಿದರು: "ಏನ್ ಸಾರ್, ಈ ಕೊರಿಯಾದೋರು ನಮ್ಗಿಂತ ಬಡವರಾಗಿದ್ರಂತೆ. ಇಷ್ಟು ಬೇಗ ಕಾರ್ ಮಾಡೋದು ಎಲ್ಲಿ ಕಲಿತ್ರು?"

ಅವತ್ತು ಏನೋ ಒಂದು ಹೇಳಿ ಟೀ ಕುಡಿದು ಬಂದೆ. ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಫ್ಯಾಕ್ಟರಿ, ಸಾಲ, ರಫ್ತು ಎಂದು ಲೆಕ್ಕ ಹೇಳಿದರೆ ಯಾರಿಗೂ ತಲೆಗೆ ಹತ್ತುವುದಿಲ್ಲ. ಒಂದೇ ಒಂದು ಕಾರಿನ ಬೆನ್ನು ಹತ್ತಿ ಹೋದರೆ ಸುಲಭ ಅನ್ನಿಸಿತು. ಆ ಕಾರು ನಮ್ಮ ರಸ್ತೆಗಳಲ್ಲಿ ಕಾಣುವಂಥದ್ದಲ್ಲ. ನಾನೂ ಫೋಟೋ, ವಿಡಿಯೋಗಳಲ್ಲೇ ನೋಡಿರುವುದು. ಹೆಸರು ಹ್ಯುಂಡೈ ಗ್ರ್ಯಾಂಜರ್. 'ಗ್ರ್ಯಾಂಡಿಯರ್' ಎಂಬ ಪದ ಕೊರಿಯಾದವರ ಬಾಯಲ್ಲಿ ಹೀಗಾಗಿದೆ. ವೈಭವ, ದೊಡ್ಡಸ್ತಿಕೆ ಎಂದು ಅರ್ಥ. ಹೊರದೇಶಗಳಲ್ಲಿ ಇದನ್ನೇ ಕೆಲಕಾಲ ಅಝೆರಾ ಎಂದು ಮಾರಿದರು. 1986ರಿಂದ ಈವರೆಗೆ ಏಳು ತಲೆಮಾರು ಬಂದಿವೆ.

ಕಾರಿಗಿಂತ ಮೊದಲು ಒಂದು ದನದ ಕಥೆ ಹೇಳಬೇಕು.

ಹ್ಯುಂಡೈ ಕಟ್ಟಿದ ಚುಂಗ್ ಜು ಯುಂಗ್ ರೈತನ ಮಗ. 1915ರಲ್ಲಿ ಹುಟ್ಟಿದವರು. ಅವರ ಊರು ಈಗ ಉತ್ತರ ಕೊರಿಯಾಕ್ಕೆ ಸೇರಿದೆ. ಕಲ್ಲು ಆರಿಸಿ ಹೊಲ ಮಾಡುವ ಅಪ್ಪ, ಮನೆ ತುಂಬ ಮಕ್ಕಳು. ಹುಡುಗ ಬೇಸಾಯ ಬೇಡವೆಂದು ಮತ್ತೆ ಮತ್ತೆ ಮನೆ ಬಿಟ್ಟು ಓಡಿದ. ಒಂದು ಸಲ ಓಡಿದ್ದು ಅಪ್ಪ ದನ ಮಾರಿ ಇಟ್ಟಿದ್ದ ದುಡ್ಡನ್ನು ಎತ್ತಿಕೊಂಡು. ಆಮೇಲೆ ಅಕ್ಕಿ ಅಂಗಡಿ, ವಾಹನ ರಿಪೇರಿ ಗ್ಯಾರೇಜು, 1947ರಲ್ಲಿ ಕಟ್ಟಡ ಕಂಪನಿ. ಕಾರಿನ ಕಂಪನಿ ಹುಟ್ಟಿದ್ದು 1967ರ ಕೊನೆಗೆ.

ಆಗ ಅವರಿಗೆ ಕಾರು ಮಾಡಲು ಬರುತ್ತಿರಲಿಲ್ಲ. ಫೋರ್ಡ್ ಕಂಪನಿಯ ಕಾರ್ಟಿನಾ ಕಾರಿನ ಬಿಡಿಭಾಗ ತರಿಸಿ, ಉಲ್ಸಾನ್ ಎಂಬ ಸಮುದ್ರತೀರದ ಊರಿನ ಫ್ಯಾಕ್ಟರಿಯಲ್ಲಿ ಜೋಡಿಸಿ ಮಾರುತ್ತಿದ್ದರು. ಕೊರಿಯಾದ ಮಣ್ಣು ರಸ್ತೆಯಲ್ಲಿ ಆ ಕಾರು ಸೋತಿತು, ಗಿರಾಕಿಗಳಿಂದ ಬೈಗುಳ ಬಂತು. ಇಂಜಿನ್ ಮಾಡುವುದನ್ನು ಕಲಿಸಿ ಎಂದರೆ ಫೋರ್ಡ್ ಒಪ್ಪಲಿಲ್ಲ. ಆಗ ಹ್ಯುಂಡೈ ಒಂದೊಂದನ್ನು ಒಂದೊಂದು ಕಡೆಯಿಂದ ತಂದಿತು. ಮೈಕಟ್ಟು ಬರೆದುಕೊಟ್ಟವರು ಇಟಲಿಯ ಜುಜಾರೋ, ಇಂಜಿನ್ ಜಪಾನಿನ ಮಿತ್ಸುಬಿಷಿಯದು, ಫ್ಯಾಕ್ಟರಿ ನಡೆಸುವುದನ್ನು ಹೇಳಿಕೊಟ್ಟವರು ಇಂಗ್ಲೆಂಡಿನ ಜಾರ್ಜ್ ಟರ್ನ್‌ಬುಲ್. ಹೀಗೆ ಬಂದದ್ದು 'ಪೋನಿ'. 1975ರ ಕೊನೆಗೆ ತಯಾರಿ ಶುರುವಾಯಿತು. ಜನಸಾಮಾನ್ಯರ ಕಾರು.

ಜುಜಾರೋ ಹೆಸರು ನೆನಪಿಟ್ಟುಕೊಳ್ಳಿ. ನಮ್ಮ ಮಾರುತಿ 800ರ ಕಾಲದ ಜನಕ್ಕೆ ಗೊತ್ತಿರದಿದ್ದರೂ ಜಗತ್ತಿನ ಎಷ್ಟೋ ಕಾರುಗಳ ಮೈಕಟ್ಟು ಅವರ ಪೆನ್ಸಿಲಿನಿಂದ ಬಂದದ್ದು.

ಪೋನಿ ಸಣ್ಣ ಕಾರು. ಮಂತ್ರಿಗಳು, ಕಂಪನಿ ಮಾಲೀಕರು ಅದರಲ್ಲಿ ಕೂರುತ್ತಾರೆಯೇ? ಅವರಿಗಾಗಿ ಹ್ಯುಂಡೈ 1978ರಿಂದ ಮತ್ತೆ ಫೋರ್ಡಿನದೇ ಗ್ರೆನಾಡಾ ಕಾರನ್ನು ಜೋಡಿಸಿ ಮಾರಿತು. ಎದುರಾಳಿ ದೇವೂ ಕಂಪನಿಗೆ 'ರಾಯಲ್' ಹೆಸರಿನ ದೊಡ್ಡ ಕಾರುಗಳಿದ್ದವು. ಅಷ್ಟರಲ್ಲಿ 1988ರ ಒಲಿಂಪಿಕ್ಸ್ ಸೋಲ್ ನಗರಕ್ಕೆ ಸಿಕ್ಕಿತು. ಅದನ್ನು ತರಲು ಓಡಾಡಿದ ಸಮಿತಿಗೆ ಅಧ್ಯಕ್ಷರು ಇದೇ ಚುಂಗ್. ಇಡೀ ಜಗತ್ತು ಮನೆಗೆ ಬರುವಾಗ ಅತಿಥಿಗಳನ್ನು ಕೂರಿಸಲು ಬೇರೆಯವರ ಹೆಸರಿನ ಕಾರು ಇದ್ದರೆ ಮರ್ಯಾದೆ ಏನು ಉಳಿಯುತ್ತದೆ?

ಹಾಗಾಗಿ 1986ರ ಜುಲೈನಲ್ಲಿ ಮೊದಲ ಗ್ರ್ಯಾಂಜರ್ ಬಂತು. ಹೆಸರು ಹ್ಯುಂಡೈಯದು. ಒಳಗಿನ ಯಂತ್ರ ಹೆಚ್ಚಿನದು ಮಿತ್ಸುಬಿಷಿಯದು. ಇಬ್ಬರೂ ಸೇರಿ ಮಾಡಿದ ಕಾರನ್ನು ಜಪಾನಿನಲ್ಲಿ 'ಡೆಬೊನೇರ್' ಎಂದು, ಕೊರಿಯಾದಲ್ಲಿ ಗ್ರ್ಯಾಂಜರ್ ಎಂದು ಮಾರಿದರು. ಸ್ಕೇಲ್ ಇಟ್ಟು ಗೆರೆ ಎಳೆದಂತಿದ್ದ ಚೌಕಾಕಾರದ ಕಾರು. ಅಲ್ಲಿನ ಜನ ಈಗಲೂ ಅದನ್ನು 'ಗಾಕ್ ಗ್ರ್ಯಾಂಜರ್' ಅನ್ನುತ್ತಾರೆ, ಮೂಲೆ ಮೂಲೆಯ ಗ್ರ್ಯಾಂಜರ್ ಎಂದು ಅರ್ಥ. ಮೊದಲು 2.0 ಲೀಟರ್ ಇಂಜಿನ್, ಮರುವರ್ಷ 2.4, 1989ರಲ್ಲಿ ಆರು ಸಿಲಿಂಡರಿನ 3.0 ಲೀಟರ್.

ಅದರಲ್ಲಿ ಒಂದು ಜಾಣತನ ಇತ್ತು. ಆ ಕಾಲದ ದೊಡ್ಡ ಕಾರುಗಳಲ್ಲಿ ಇಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುತ್ತಿತ್ತು. ನಮ್ಮ ಅಂಬಾಸಿಡರ್ ಹಾಗೆ. ಶಕ್ತಿ ಹಿಂದಕ್ಕೆ ಹೋಗಲು ಕಾರಿನ ಕೆಳಗೆ ಉದ್ದನೆಯ ಶಾಫ್ಟ್ ಬೇಕು, ಅದಕ್ಕಾಗಿ ಹಿಂದಿನ ಸೀಟಿನ ಮುಂದೆ ನೆಲ ದಿಣ್ಣೆಯಂತೆ ಉಬ್ಬಿರುತ್ತದೆ. ಅಂಬಾಸಿಡರಿನಲ್ಲಿ ಮಧ್ಯ ಕೂತು ಮದುವೆಗೆ ಹೋದವರನ್ನು ಕೇಳಿ, ಮೊಣಕಾಲು ಎಲ್ಲಿಡಬೇಕು ಅನ್ನುವುದೇ ಸಮಸ್ಯೆ. ಗ್ರ್ಯಾಂಜರಿನಲ್ಲಿ ಮುಂದಿನ ಚಕ್ರವೇ ತಿರುಗುತ್ತಿತ್ತು. ಶಾಫ್ಟ್ ಇಲ್ಲ, ಹಿಂದೆ ಕಾಲು ಚಾಚಲು ಜಾಗ. ಕೊಳ್ಳುವವನು ಕೂರುವ ಜಾಗ ಅದೇ ತಾನೇ. ಡ್ರೈವರ್ ಮುಂದೆ, ಸಾಹೇಬರು ಹಿಂದೆ. ಸುಮಾರು 92 ಸಾವಿರ ಕಾರು ಖರ್ಚಾದವು. ಜಪಾನಿನಲ್ಲಿ ಅದೇ ಕಾರು ಮುಖ್ಯವಾಗಿ ಮಿತ್ಸುಬಿಷಿ ಬಳಗದ ಕಂಪನಿಗಳ ಅಧಿಕಾರಿಗಳಿಗಷ್ಟೇ ಸೀಮಿತವಾಯಿತು. ಗುರುವಿನ ಅಂಗಡಿಗಿಂತ ಶಿಷ್ಯನ ಅಂಗಡಿಯಲ್ಲಿ ವ್ಯಾಪಾರ ಜೋರು.

ಇಲ್ಲಿ ಅಂಬಾಸಿಡರ್ ಮಾತು ಬಂದದ್ದಕ್ಕೆ ಒಂದು ನಿಮಿಷ ನಿಲ್ಲುತ್ತೇನೆ. ಡಿಸಿ ಸಾಹೇಬರು, ಮಂತ್ರಿಗಳು ಹಿಂದೆ ಕೂತು ಬರುತ್ತಿದ್ದ ಆ ಬಿಳಿ ಕಾರು ಕೂಡ ಎರವಲು ಅಚ್ಚಿನದೇ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಲ್ಲಿ ಬಂದದ್ದು 2014ರಲ್ಲಿ ನಿಲ್ಲುವವರೆಗೂ ಅದೇ ಗುಂಡು ಮೈ ಉಳಿಸಿಕೊಂಡಿತ್ತು. ಗ್ರ್ಯಾಂಜರ್ ಹುಟ್ಟಿ, ನಾಲ್ಕು ಸಲ ಅಚ್ಚು ಬದಲಿಸಿ, ಐದನೇ ತಲೆಮಾರಿನಲ್ಲಿ ಓಡಾಡುತ್ತಿದ್ದಾಗ ನಮ್ಮಲ್ಲಿ ಅಂಬಾಸಿಡರ್ ಮುಚ್ಚಿತು. ನಮ್ಮ ಇಂಜಿನಿಯರುಗಳಿಗೆ ಬುದ್ಧಿ ಕಡಿಮೆ ಎಂದು ಇದರರ್ಥವಲ್ಲ. ಇಲ್ಲಿ ಲೈಸೆನ್ಸ್ ಕಾಲದಲ್ಲಿ ಕಾರಿಗೆ ವರ್ಷಗಟ್ಟಲೆ ಕ್ಯೂ ಇತ್ತು, ಹೇಗೆ ಮಾಡಿದರೂ ಮಾರಾಟವಾಗುತ್ತಿತ್ತು. ಅಲ್ಲಿ ಸರ್ಕಾರ ಸಾಲ ಕೊಟ್ಟು, ರಕ್ಷಣೆ ಕೊಟ್ಟು, ಹೊರದೇಶಕ್ಕೆ ಮಾರಿ ತೋರಿಸು ಎಂದು ಕುತ್ತಿಗೆ ಮೇಲೆ ಕೂತಿತ್ತು. ಆ ಸರ್ಕಾರ ಮಿಲಿಟರಿಯವರದ್ದು ಅನ್ನುವುದನ್ನೂ ಮರೆಯಬಾರದು. ಯೂನಿಯನ್ ಕಟ್ಟಿದವರ ಗತಿ ಏನಾಗುತ್ತಿತ್ತು ಎಂದು ಕೊರಿಯಾದ ಹಳಬರನ್ನು ಕೇಳಬೇಕು. 'ಅವರನ್ನು ನೋಡಿ ಕಲಿಯಿರಿ' ಎಂದು ನಮ್ಮಲ್ಲಿ ಭಾಷಣ ಮಾಡುವವರು ಆ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಎರವಲಿನ ಬಗ್ಗೆ ಕೊರಿಯಾದಲ್ಲಿ ಒಂದು ಕಥೆ ಪ್ರಸಿದ್ಧ. 1984ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಲೀ ಹ್ಯುನ್ ಸೂನ್ ಎಂಬ ಇಂಜಿನಿಯರನ್ನು ಚುಂಗ್ ಕರೆಸಿಕೊಂಡರು. ನಮ್ಮದೇ ಇಂಜಿನ್ ಮಾಡು ಎಂದರು. ಲೀ ಅವರೇ ಮುಂದೆ ಹೇಳಿಕೊಂಡ ಪ್ರಕಾರ, ಮಿತ್ಸುಬಿಷಿ ಅಧ್ಯಕ್ಷರು ಬಂದು, ಈ ಸಂಶೋಧನೆ ನಿಲ್ಲಿಸಿದರೆ ನೀವು ಕೊಡುವ ರಾಯಲ್ಟಿಯನ್ನು ಅರ್ಧಕ್ಕೆ ಇಳಿಸುತ್ತೇವೆ ಎಂದರಂತೆ. ಚುಂಗ್‌ಗೆ ಅರ್ಥವಾದದ್ದು ಬೇರೆ. ಇವರು ಇಷ್ಟು ಹೆದರಿದ್ದಾರೆ ಅಂದರೆ ನಮ್ಮ ಹುಡುಗ ಸರಿಯಾದ ದಾರಿಯಲ್ಲೇ ಇದ್ದಾನೆ. ಒಪ್ಪಲಿಲ್ಲ. 1991ರಲ್ಲಿ 'ಆಲ್ಫಾ' ಎಂಬ 1.5 ಲೀಟರ್ ಇಂಜಿನ್ ಬಂತು, ಹ್ಯುಂಡೈ ತಾನೇ ಮಾಡಿದ ಮೊದಲ ಇಂಜಿನ್.

ಆದರೆ ಸಣ್ಣ ಇಂಜಿನ್ ಮಾಡಿದ ಕೂಡಲೇ ದೊಡ್ಡ ಕಾರಿನ ಇಂಜಿನ್ ಬರುವುದಿಲ್ಲ. 1992ರ ಸೆಪ್ಟೆಂಬರಿನಲ್ಲಿ ಎರಡನೇ ತಲೆಮಾರು, 'ನ್ಯೂ ಗ್ರ್ಯಾಂಜರ್' ಬಂದಾಗಲೂ ಮಿತ್ಸುಬಿಷಿ ಜೊತೆಯಲ್ಲೇ ಇತ್ತು. ಮೂಲೆಗಳು ದುಂಡಗಾದವು, ಕಾರು ಬೆಳೆಯಿತು, ಇಂಜಿನ್ 3.5 ಲೀಟರ್‌ವರೆಗೂ ಹೋಯಿತು. ದುಡ್ಡಿದ್ದವರೆಲ್ಲ ಕೊಂಡರು. ಎಲ್ಲರೂ ಕೊಂಡರೆ ದೊಡ್ಡವರಿಗೆ ಬೇಜಾರು. 1996ರಲ್ಲಿ ಇದನ್ನೇ ಇನ್ನಷ್ಟು ಸಿಂಗರಿಸಿ 'ಡೈನಸ್ಟಿ' ಎಂದು ಮೇಲೊಂದು ಮೆಟ್ಟಿಲು ಇಟ್ಟರು. ಗ್ರ್ಯಾಂಜರ್ ಮೊದಲ ಸಲ ಎರಡನೇ ಸ್ಥಾನಕ್ಕೆ ಇಳಿಯಿತು. ಇದು ಮುಂದೆ ಮತ್ತೆ ಮತ್ತೆ ಆಗುತ್ತದೆ.

ಇನ್ನು 1998. ಈ ಕಾರಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವರ್ಷ ಇದು.

1997ರ ಕೊನೆಗೆ ಕೊರಿಯಾದ ಖಜಾನೆಯಲ್ಲಿ ಡಾಲರ್ ಖಾಲಿಯಾಯಿತು. ನವೆಂಬರಿನಲ್ಲಿ ಸರ್ಕಾರ ಐಎಂಎಫ್ ಮುಂದೆ ಕೈಯೊಡ್ಡಿತು. ನಾವು 1991ರಲ್ಲಿ ಚಿನ್ನ ಅಡವಿಟ್ಟದ್ದು ನೆನಪಿರಬಹುದು. ಅಲ್ಲಿ ಜನರೇ ಮದುವೆ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರ ತಂದು ಕ್ಯೂನಲ್ಲಿ ನಿಂತು ಕೊಟ್ಟರು. ಹೀಗೆ ಕೂಡಿದ್ದು ಸುಮಾರು 227 ಟನ್ ಚಿನ್ನ. ಸಾಲ ಕೊಟ್ಟವರ ಷರತ್ತಿನ ಪ್ರಕಾರ, ಕಾರ್ಮಿಕರನ್ನು ಸಾಮೂಹಿಕವಾಗಿ ತೆಗೆದುಹಾಕಲು ಅವಕಾಶ ಕೊಡುವ ಕಾನೂನು 1998ರ ಫೆಬ್ರವರಿಯಲ್ಲಿ ಪಾಸಾಯಿತು. ದೇಶದೊಳಗೆ ಕಾರು ಮಾರಾಟ ಹಿಂದಿನ ವರ್ಷದ ಅರ್ಧದಷ್ಟಕ್ಕೆ ಕುಸಿಯಿತು.

ಜೂನ್ 16. ಎಂಬತ್ತು ದಾಟಿದ ಚುಂಗ್ ಜು ಯುಂಗ್ ಲಾರಿಗಳಲ್ಲಿ 500 ದನ ತುಂಬಿಸಿಕೊಂಡು, ಯಾರೂ ದಾಟದ ಗಡಿ ದಾಟಿ, ಉತ್ತರ ಕೊರಿಯಾಕ್ಕೆ ಹೋದರು. ಅಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ಕಾಲ. ಅಕ್ಟೋಬರಿನಲ್ಲಿ ಮತ್ತೆ 501 ದನ. ಒಟ್ಟು 1001. ಚಿಕ್ಕಂದಿನಲ್ಲಿ ಅಪ್ಪನ ಒಂದು ದನದ ದುಡ್ಡು ಕದ್ದು ಓಡಿದ್ದರಲ್ಲ, ಆ ಸಾಲ. ಅಸಲು ಒಂದು, ಬಡ್ಡಿ ಸಾವಿರ. ಇದನ್ನು ಓದಿದಾಗ ನನಗೆ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಆದರೆ ದನಗಳು ಗಡಿ ದಾಟಿದ ಮರುತಿಂಗಳೇ, ಅದೇ ಕಂಪನಿಯ ಉಲ್ಸಾನ್ ಫ್ಯಾಕ್ಟರಿಯಲ್ಲಿ ಕಾರ್ಮಿಕರು ಮುಷ್ಕರ ಹೂಡಿ ಒಳಗೇ ಕೂತರು. ಸಾವಿರಾರು ಜನರನ್ನು ಕೆಲಸದಿಂದ ತೆಗೆಯುವುದಾಗಿ ಹ್ಯುಂಡೈ ಹೇಳಿತ್ತು. ಹೆಂಡತಿ ಮಕ್ಕಳೂ ಬಂದು ಫ್ಯಾಕ್ಟರಿ ಒಳಗೆ ಟೆಂಟ್ ಹಾಕಿದರು. ಹೊರಗೆ ಪೊಲೀಸರ ಸರ್ಪಗಾವಲು. ಐದು ವಾರ ಹೀಗೇ ನಡೆಯಿತು. ಅಷ್ಟೂ ದಿನ ಮುಷ್ಕರದ ಜನಕ್ಕೆ ಅನ್ನ ಬೇಯಿಸಿ ಹಾಕಿದ್ದು ಫ್ಯಾಕ್ಟರಿ ಕ್ಯಾಂಟೀನಿನ ಹೆಂಗಸರು.

ಆಗಸ್ಟ್ 24ರಂದು ರಾಜಿ ಆಯಿತು. ಸಾವಿರಕ್ಕೂ ಹೆಚ್ಚು ಜನಕ್ಕೆ ಸಂಬಳವಿಲ್ಲದ ರಜೆ. ಪೂರ್ತಿಯಾಗಿ ಕೆಲಸ ಕಳೆದುಕೊಂಡವರು 277 ಮಂದಿ. ದೊಡ್ಡ ಗಂಡಾಂತರ ತಪ್ಪಿತು ಎಂದು ಬಹಳ ಜನ ಉಸಿರು ಬಿಟ್ಟರು. ಆದರೆ ಆ 277ರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಯಾರು ಗೊತ್ತೇ? ಕ್ಯಾಂಟೀನಿನ ಆ ಹೆಂಗಸರೇ. ಕಂಪನಿ ಕೇಳಿತು, ಯೂನಿಯನ್ ಒಪ್ಪಿತು. ಆ ಹೆಂಗಸರು ಕೆಲಸ ವಾಪಸ್ ಕೇಳಿ ಆಮೇಲೂ ಹೋರಾಡಿದರು. ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಅದರ ಹೆಸರು ಮೂರೇ ಪದ, ಅನ್ನ, ಹೂವು, ಕುರಿ. ಅನ್ನ ಬೇಯಿಸಿದವರು, ಹೋರಾಟದ ಹೂವು ಎಂದು ಹೊಗಳಿಸಿಕೊಂಡವರು, ಕೊನೆಗೆ ಬಲಿಯ ಕುರಿಯಾದವರು.

ನಮ್ಮೂರಿನ ಬಿಸಿಯೂಟದ ಅಕ್ಕಂದಿರ ಧರಣಿ ವರದಿ ಮಾಡುವಾಗ ನನಗೆ ಉಲ್ಸಾನ್ ನೆನಪಾಗುತ್ತದೆ. ಎಲ್ಲಿ ಉಲ್ಸಾನ್, ಎಲ್ಲಿ ನಮ್ಮ ತಾಲ್ಲೂಕು ಕಚೇರಿ ಅನ್ನಬೇಡಿ. ಲೆಕ್ಕ ಸರಿಹೊಂದಿಸುವಾಗ ಮೊದಲು ಕೈಗೆ ಸಿಗುವುದು ಒಲೆ ಮುಂದೆ ನಿಂತವರೇ.

ಆ ರಾಜಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಅಕ್ಟೋಬರಿನಲ್ಲಿ ಮೂರನೇ ತಲೆಮಾರಿನ ಗ್ರ್ಯಾಂಜರ್ ಬಂತು, ಹೆಸರು ಎಕ್ಸ್‌ಜಿ. ಹ್ಯುಂಡೈ ಇದನ್ನು ಮಿತ್ಸುಬಿಷಿಯ ಅಚ್ಚು ಬಿಟ್ಟು ತಾನೇ ಮಾಡಿತು. ಕೆಳಗಿನ ಚೌಕಟ್ಟು ತನ್ನದೇ ಸೊನಾಟಾ ಕಾರಿನದು. ಆರು ಸಿಲಿಂಡರಿನ 'ಡೆಲ್ಟಾ' ಇಂಜಿನ್ ತನ್ನದು. ಎಲ್ಲಕ್ಕಿಂತ ದೊಡ್ಡ 3.0 ಲೀಟರ್ ಇಂಜಿನ್ ಮಾತ್ರ ಇನ್ನೂ ಮಿತ್ಸುಬಿಷಿ ಲೈಸೆನ್ಸಿನದು. ಬಾಗಿಲ ಗಾಜಿಗೆ ಸುತ್ತ ಚೌಕಟ್ಟೇ ಇಲ್ಲ, ತೆರೆದರೆ ಗಾಜು ಬರಿದಾಗಿ ನಿಲ್ಲುತ್ತದೆ. ಆ ಕಾಲಕ್ಕೆ ಅದೊಂದು ಷೋಕಿ.

ಷೋಕಿಗಿಂತ ಮುಖ್ಯವಾದದ್ದು, ಸಾಹೇಬರು ಹಿಂದಿನಿಂದ ಮುಂದಕ್ಕೆ ಬಂದದ್ದು. ಮೇಲಿನ ಮೆಟ್ಟಿಲಿಗೆ ಡೈನಸ್ಟಿ ಇತ್ತು, 1999ರಲ್ಲಿ ಅದಕ್ಕೂ ಮೇಲೆ 'ಎಕ್ವಸ್' ಬಂತು. ಡ್ರೈವರ್ ಇಟ್ಟುಕೊಳ್ಳುವವರು ಅತ್ತ ಹೋದರು. ಎಕ್ಸ್‌ಜಿ ಕೊಂಡವರು ತಾವೇ ಸ್ಟೇರಿಂಗ್ ಹಿಡಿಯುವವರು: ಡಾಕ್ಟರು, ಅಂಗಡಿ ಮಾಲೀಕರು, ಕಂಪನಿಯ ಮಧ್ಯದ ಮ್ಯಾನೇಜರುಗಳು. ಕೊರಿಯಾದಲ್ಲಿ ಕಾರಿನ ವಾರ್ಷಿಕ ತೆರಿಗೆ ಇಂಜಿನ್ ಸಿಸಿ ಲೆಕ್ಕದಲ್ಲಿ ಬೀಳುತ್ತದೆ. ಅದಕ್ಕಾಗಿ 2.0 ಲೀಟರಿನದ್ದೂ ಇಟ್ಟರು. ನಮ್ಮಲ್ಲಿ ನಾಲ್ಕು ಮೀಟರ್ ಒಳಗಿನ ಕಾರಿಗೆ ತೆರಿಗೆ ಕಡಿಮೆ ಎಂದು ಕಂಪನಿಗಳು ಡಿಕ್ಕಿ ಕತ್ತರಿಸಿದ ಹಾಗೆ ಕಾರು ಮಾಡುತ್ತವಲ್ಲ, ಅದೇ ಲೆಕ್ಕಾಚಾರ.

ಅದೇ ಅಕ್ಟೋಬರಿನಲ್ಲಿ, ಹಿಂದಿನ ವರ್ಷ ದಿವಾಳಿಯಾಗಿದ್ದ ಕಿಯಾ ಕಂಪನಿಯ ಹರಾಜನ್ನು ಹ್ಯುಂಡೈ ಗೆದ್ದಿತು. ಪೆನುಕೊಂಡದ ಲಾರಿಗಳ ಬೇರು ಇಲ್ಲಿದೆ. ಅದಕ್ಕೂ ಒಂದು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಚೆನ್ನೈ ಪಕ್ಕದ ಶ್ರೀಪೆರಂಬದೂರಿನ ಫ್ಯಾಕ್ಟರಿಯಿಂದ ನಮ್ಮ ದೇಶಕ್ಕೆ ಸ್ಯಾಂಟ್ರೋ ಬಂದಿತ್ತು. ಟರ್ಬನ್ ಕಟ್ಟಿದವರೂ ಕೂರಲಿ ಎಂಬಂತೆ ತಲೆ ಎತ್ತರಿಸಿಕೊಂಡ ಆ ಪುಟ್ಟ ಕಾರು ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳ ಮೊದಲ ಕಾರು. ಮನೆಯಲ್ಲಿ ಮಾರಾಟ ಅರ್ಧಕ್ಕೆ ಬಿದ್ದ ವರ್ಷ ಅದು. ಹೊರಗಿನ ಅಂಗಡಿ ನಡೆಯಲೇಬೇಕಿತ್ತು.

ಇನ್ನೊಂದು ವಿಚಿತ್ರ. ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಅದೇ 1998ರಲ್ಲಿ ಮಿತ್ಸುಬಿಷಿಯ ಲ್ಯಾನ್ಸರ್ ಕಾರನ್ನು ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಶುರುಮಾಡಿತು. ಒಬ್ಬರು ಗುರುವಿನ ಮನೆಯಿಂದ ಹೊರಬೀಳುತ್ತಿದ್ದ ವರ್ಷವೇ ಇನ್ನೊಬ್ಬರು ಅದೇ ಬಾಗಿಲಲ್ಲಿ ಒಳಗೆ ಹೋದರು. ಲ್ಯಾನ್ಸರ್ ಒಳ್ಳೆಯ ಕಾರೇ. ಆದರೆ ಅದರಿಂದ ನಮ್ಮವರು ಮುಂದಿನ ಕಾರು ಮಾಡಲಿಲ್ಲ.

ಗುರುವಿನ ಗತಿಯನ್ನೂ ಹೇಳಿಬಿಡುತ್ತೇನೆ. ಎಕ್ವಸ್ ಕೂಡ ಮಿತ್ಸುಬಿಷಿ ಜೊತೆ ಸೇರಿ ಮಾಡಿದ ಕಾರು. ಜಪಾನಿನಲ್ಲಿ ಅದಕ್ಕೆ 'ಪ್ರೌಡಿಯಾ' ಎಂಬ ಹೆಸರು. ಅಲ್ಲಿ 2001ರಷ್ಟರಲ್ಲಿ ನಿಂತೇಹೋಯಿತು, ಕೊರಿಯಾದಲ್ಲಿ ಇನ್ನೂ ಎಂಟು ವರ್ಷ ಓಡಿತು. 2002ರಲ್ಲಿ ಹ್ಯುಂಡೈ, ಮಿತ್ಸುಬಿಷಿ, ಡೈಮ್ಲರ್‌ಕ್ರೈಸ್ಲರ್ ಮೂರೂ ಸೇರಿ ಒಂದು ಹೊಸ ಇಂಜಿನಿಗೆ ಕೈಹಾಕಿದವು. ಅದರ ಮೂಲ ವಿನ್ಯಾಸ ಹ್ಯುಂಡೈಯದು. ಅದಕ್ಕೆ ಮಿತ್ಸುಬಿಷಿಯೇ ಹ್ಯುಂಡೈಗೆ ದುಡ್ಡು ಕೊಟ್ಟಿತು. ರಾಯಲ್ಟಿ ಅರ್ಧಕ್ಕೆ ಇಳಿಸುತ್ತೇವೆ ಎಂದು ಬಂದ ಕಥೆ ನಡೆದು ಇಪ್ಪತ್ತು ವರ್ಷವೂ ಆಗಿರಲಿಲ್ಲ.

2005ರ ನಾಲ್ಕನೇ ತಲೆಮಾರಿನಲ್ಲಿ ಗ್ರ್ಯಾಂಜರಿನ ಇಂಜಿನ್‌ಗಳೆಲ್ಲ ಸ್ವಂತದ್ದಾದವು. ಟೀ ಅಂಗಡಿಯವರ ಪ್ರಶ್ನೆಗೆ ಸಣ್ಣ ಉತ್ತರ ಬೇಕೆಂದರೆ ಇದು: 1986ರಿಂದ 2005, ಹತ್ತೊಂಬತ್ತು ವರ್ಷ, ನಾಲ್ಕು ತಲೆಮಾರು. 'ಬೇಗ' ಏನಲ್ಲ.

ಈ ತಲೆಮಾರಿನ ಒಂದು ಟಿವಿ ಜಾಹೀರಾತು ಕೊರಿಯಾದಲ್ಲಿ ಈಗಲೂ ಮಾತಿನಲ್ಲಿದೆ. 2009ರದ್ದು. ಬಹಳ ದಿನದ ಮೇಲೆ ಸಿಕ್ಕ ಗೆಳೆಯ, ಹೇಗಿದ್ದೀಯ ಎಂದು ಕೇಳುತ್ತಾನೆ. ಉತ್ತರ ಬಾಯಲ್ಲಿ ಇಲ್ಲ, ಗ್ರ್ಯಾಂಜರ್ ತೋರಿಸಿದರೆ ಸಾಕು. ಅಷ್ಟೇ ಜಾಹೀರಾತು. ಬಹಳ ಜನಕ್ಕೆ ಸಿಟ್ಟು ಬಂತು, ಮನುಷ್ಯನ ಕ್ಷೇಮವನ್ನು ಕಾರಿನಲ್ಲಿ ಅಳೆಯುವುದೇ ಎಂದು. ಜಾಹೀರಾತು ಸುಳ್ಳು ಹೇಳಿತೇ? ನಮ್ಮೂರ ಜಾತ್ರೆಗೆ ಬೆಂಗಳೂರಿನಿಂದ ಬರುವ ಹುಡುಗರು ಗುಡಿ ಮುಂದೆ ಗಾಡಿ ನಿಲ್ಲಿಸುವ ರೀತಿ ನೋಡಿದರೆ ನನಗೆ ಅನುಮಾನ.

ಮರುವರ್ಷ ಇನ್ನೊಂದು ಗಲಾಟೆ. ಗುತ್ತಿಗೆದಾರನೊಬ್ಬನಿಂದ ಸರ್ಕಾರಿ ಪ್ರಾಸಿಕ್ಯೂಟರ್ ಒಬ್ಬರು ಗ್ರ್ಯಾಂಜರ್ ಕಾರು ತೆಗೆದುಕೊಂಡ ಪ್ರಕರಣ ಬಯಲಾಯಿತು, ಶಿಕ್ಷೆಯೂ ಆಯಿತು. ಪತ್ರಿಕೆಗಳು ಅವರಿಗೆ 'ಗ್ರ್ಯಾಂಜರ್ ಪ್ರಾಸಿಕ್ಯೂಟರ್' ಎಂದೇ ಹೆಸರಿಟ್ಟವು. 2011ರಲ್ಲಿ ಬೇರೊಂದು ಪ್ರಕರಣಕ್ಕೆ 'ಬೆಂಜ್ ಪ್ರಾಸಿಕ್ಯೂಟರ್' ಎಂಬ ಹೆಸರು ಬಿತ್ತು. ಆ ಆರೋಪಿ ಮುಂದೆ ಖುಲಾಸೆಯಾದರು. ಹೆಸರುಗಳನ್ನಷ್ಟೇ ನೋಡಿ. ಒಂದೇ ವರ್ಷದಲ್ಲಿ ಸುದ್ದಿಯ ಕಾರು ಕೊರಿಯಾದ್ದು ಹೋಗಿ ಜರ್ಮನಿಯದಾಯಿತು. ಗ್ರ್ಯಾಂಜರ್ ದೊಡ್ಡವರ ಕೈಯಿಂದ ಜಾರುತ್ತಿತ್ತು.

ಜಾರಿದ್ದು ಸರಿಯೇ. 2008ರಲ್ಲಿ ಹ್ಯುಂಡೈ 'ಜೆನೆಸಿಸ್' ಎಂಬ ಕಾರು ತಂದಿತ್ತು, 2015ರಲ್ಲಿ ಅದನ್ನು ಬೇರೆ ಬ್ರ್ಯಾಂಡನ್ನೇ ಮಾಡಿತು. ಸಾಹೇಬರು ಅಲ್ಲಿಗೆ ಏರಿದರು. 2011ರ ಐದನೇ ತಲೆಮಾರು ಬಂತು, ಅದರಲ್ಲಿ ಹೈಬ್ರಿಡ್ ಶುರುವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರ್ಯಾಂಜರಿಗೂ ಜೆನೆಸಿಸ್‌ಗೂ ನಡುವೆ 2014ರಲ್ಲಿ 'ಅಸ್ಲಾನ್' ಎಂದು ಇನ್ನೊಂದು ಮೆಟ್ಟಿಲು ಇಟ್ಟು ನೋಡಿದರು, ಯಾರೂ ಹತ್ತಲಿಲ್ಲ, ಮೂರು ವರ್ಷಕ್ಕೆ ಮುಚ್ಚಿದರು.

2016ರ ನವೆಂಬರಿನಲ್ಲಿ ಆರನೇ ತಲೆಮಾರು ಬಂದಾಗ ಯಾರೂ ಎಣಿಸದ್ದು ಆಯಿತು. ಅಪ್ಪಂದಿರ ಕಾರು ಎಂದು ಹೆಸರಾಗಿದ್ದನ್ನು ಮೂವತ್ತು ನಲವತ್ತರ ಪ್ರಾಯದವರು ಕೊಳ್ಳತೊಡಗಿದರು. 2017ರಲ್ಲಿ 1.3 ಲಕ್ಷಕ್ಕೂ ಹೆಚ್ಚು, 2020ರಲ್ಲಿ ಸುಮಾರು 1.45 ಲಕ್ಷ. 2017ರಿಂದ 2021ರವರೆಗೆ ಐದು ವರ್ಷವೂ ಕೊರಿಯಾದಲ್ಲಿ ಅತಿ ಹೆಚ್ಚು ಮಾರಾಟವಾದ ಪ್ಯಾಸೆಂಜರ್ ಕಾರು ಇದೇ. ಒಂದು ಕಾಲಕ್ಕೆ ಊರಿಗೊಬ್ಬರ ಬಳಿ ಇದ್ದರೆ ಹೆಚ್ಚು ಅನ್ನುವಂತಿದ್ದದ್ದು ಎಲ್ಲಕ್ಕಿಂತ ಸಾಮಾನ್ಯ ಕಾರಾಯಿತು. ಅಮೆರಿಕದಲ್ಲಿ ಮಾತ್ರ ನಡೆಯಲಿಲ್ಲ, 2017ರಲ್ಲಿ ಅಝೆರಾ ಅಲ್ಲಿಂದ ಜಾಗ ಖಾಲಿ ಮಾಡಿತು. ಅಲ್ಲಿಯವರಿಗೆ ಈ ಹೆಸರಿನ ಹಿಂದೆ ನೆನಪುಗಳಿರಲಿಲ್ಲ.

ಒಂದು ಸಣ್ಣ ಸಂಗತಿ ನನಗೆ ಇಷ್ಟವಾಯಿತು. 2021ರಲ್ಲಿ ಕಾರು, ಲಾರಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಗ್ರ್ಯಾಂಜರನ್ನೂ ಹಿಂದೆ ಹಾಕಿದ್ದು ಹ್ಯುಂಡೈಯದೇ 'ಪೋರ್ಟರ್'. ತರಕಾರಿ ಮಾರುವವರು, ಸಾಮಾನು ಸಾಗಿಸುವವರು ಓಡಿಸುವ ಪುಟ್ಟ ಟ್ರಕ್ಕು, ನಮ್ಮ ಟಾಟಾ ಏಸ್ ಇದ್ದ ಹಾಗೆ. ಕೊರೊನಾ ಬಂದು, ಕೆಲಸ ಹೋದವರು ಏನಾದರೂ ಮಾಡಿ ಬದುಕುವುದಕ್ಕೆ ನೋಡುತ್ತಿದ್ದ ವರ್ಷ.

2022ರ ನವೆಂಬರಿನಲ್ಲಿ ಬಂದ ಏಳನೇ ತಲೆಮಾರು ಐದು ಮೀಟರ್ ದಾಟಿ ಬೆಳೆದಿದೆ, 5,035 ಮಿಲಿಮೀಟರ್. ಮೂತಿಯ ಈ ತುದಿಯಿಂದ ಆ ತುದಿಗೆ ಒಂದೇ ಬೆಳಕಿನ ಗೆರೆ. ಆದರೆ ಹಿಂದಿನ ಬಾಗಿಲ ಪಕ್ಕದ ಕಂಬ ನೋಡಿದರೆ ಅಲ್ಲೊಂದು ಸಣ್ಣ ಗಾಜಿನ ಕಿಟಕಿ. 1986ರ ಆ ಚೌಕ ಕಾರಿನಲ್ಲಿದ್ದದ್ದೇ. ಸ್ಟೇರಿಂಗ್ ಚಕ್ರವನ್ನೂ ಹಳೆಯದರ ನೆನಪಿಗೆ ಒಂದೇ ಕಡ್ಡಿಯದ್ದೆಂದು ತೋರುವಂತೆ ಮಾಡಿದ್ದಾರೆ. ಅದಕ್ಕೂ ಒಂದು ವರ್ಷ ಮೊದಲು, ಕಾರಿಗೆ 35 ತುಂಬಿದಾಗ, ಹಳೆಯ ಮೂಲೆ ಗ್ರ್ಯಾಂಜರ್ ಒಂದಕ್ಕೆ ಬ್ಯಾಟರಿ ಹಾಕಿ ವಿದ್ಯುತ್ ಕಾರು ಮಾಡಿ ಪ್ರದರ್ಶನಕ್ಕೆ ಇಟ್ಟಿದ್ದರು. ಮಿತ್ಸುಬಿಷಿಯಿಂದ ತಂದ ಅಚ್ಚು ಈಗ ಅವರ ತಾತನ ಕಾಲದ ಆಸ್ತಿಯಾಗಿದೆ. 2023ರಲ್ಲಿ ಮತ್ತೆ ಮೊದಲ ಸ್ಥಾನ. 2024ರಲ್ಲಿ ಅದನ್ನು ಕೆಳಗಿಳಿಸಿದ್ದು ಕಿಯಾದ ಸೊರೆಂಟೊ, ಎತ್ತರದ ಕಾರು. ಈಗ ಅಲ್ಲೂ ಇಲ್ಲೂ ಜನಕ್ಕೆ ಬೇಕಾಗಿರುವುದು ಅಂಥದ್ದೇ. ಪೆನುಕೊಂಡದಿಂದ ಬರುವ ಲಾರಿಗಳಲ್ಲೂ ಹೆಚ್ಚು ಕಾಣುವುದು ಅದೇ ಜಾತಿ.

ಮೊನ್ನೆ ಅದೇ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ. ದನದ ಕಥೆ ಅವರಿಗೆ ಬಹಳ ಹಿಡಿಸಿತು. ಕ್ಯಾಂಟೀನಿನ ಹೆಂಗಸರ ಮಾತು ಬಂದಾಗ ಒಳಗೆ ಬಜ್ಜಿ ಕರಿಯುತ್ತಿದ್ದ ಅವರ ಮನೆಯವರು ಜಾಲರಿ ಹಿಡಿದುಕೊಂಡೇ ಹೊರಗೆ ಬಂದು ನಿಂತು ಕೇಳಿದರು. "ಆಮೇಲೆ ಅವರಿಗೆ ಕೆಲಸ ವಾಪಸ್ ಸಿಕ್ತಾ ಅಣ್ಣ?" ಎಂದರು. ಕೆಲವರಿಗೆ ಅದೇ ಕ್ಯಾಂಟೀನಿನಲ್ಲಿ ಕಡಿಮೆ ಸಂಬಳಕ್ಕೆ ಸಿಕ್ಕಿತಂತಕ್ಕಾ ಎಂದೆ. "ಹೂಂ" ಎಂದು ಒಳಗೆ ಹೋದರು.

ಅಂಗಡಿಯವರು ಕೇಳಿದ್ದು ಬೇರೆ. "ಈಗ ಆ ಕಾರು ಟ್ಯಾಕ್ಸಿಗೂ ಓಡುತ್ತಾ ಸಾರ್?" ಓಡುತ್ತದೆ. ಸೋಲ್‌ನಲ್ಲಿ ಕೈ ಅಡ್ಡ ಹಿಡಿದರೆ ಗ್ರ್ಯಾಂಜರ್ ಟ್ಯಾಕ್ಸಿ ನಿಲ್ಲುತ್ತದೆ. ಮೀಟರ್ ದುಡ್ಡು ಕೊಟ್ಟರೆ ಯಾರು ಬೇಕಾದರೂ ಹಿಂದಿನ ಸೀಟಿನಲ್ಲಿ ಕೂರಬಹುದು.